ಟಾಮಿಗೆ ಬಿಟ್ಟ ಜಾಗ

ಜನವರಿ 11

ಅಣ್ಣಾ,

ಇಲ್ಲಿ ಮೂರು ಜನ ಉಸಿರಾಡುತ್ತಿದ್ದೇವೆ. ಈಗಷ್ಟೇ ನೋಡಿ ಬಂದು ಕೂತೆ. ಇವರು ರಾತ್ರಿ ಪಾಳಿ ಮುಗಿಸಿ ಬಂದು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಬಟಾಣಿ ತೊಟ್ಟಿಲಲ್ಲಿದ್ದಾಳೆ. ಅವಳಿಗೆ ಬೇರೆ ಹೆಸರೂ ಇದೆ, ನೀನು ಕೇಳಿದ ದಿನ ಹೇಳುತ್ತೇನೆ.

ಪಾರ್ಸೆಲ್ ಬಂತು. ಹೊತ್ತು ತಂದವನು ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ "ಏನಮ್ಮಾ ಇದು, ಹಂಡೆನಾ?" ಅಂದ. "ನಂದೇ" ಅಂದೆ. ಕೇಳಿದ್ದೇನು, ಹೇಳಿದ್ದೇನು. ಕಂಬಳಿ ಬಿಚ್ಚಿದರೆ ನನ್ನ ನಾಲ್ಕು ಟಾಮ್ ಡ್ರಮ್ಮುಗಳಲ್ಲಿ ಹನ್ನೆರಡಿಂಚಿನದು. ಎಡಗೈ ತಪ್ಪಿ ಅಂಚಿಗೆ ಬಿದ್ದ ಏಟಿನ ಕಲೆ ಹಾಗೇ ಇದೆ. ಜೊತೆಗೆ ನಾಲ್ಕು ಬಗೆಯ ಹೊಸ ಹೆಡ್. ಸದ್ದು ಕೇಳಿ ಮೇಲೆ ಬಂದ ಕೆಳಗಿನ ಮನೆಯ ಟೀಚರು ಒಂದನ್ನು ಎತ್ತಿ ನೋಡಿ "ಜರಡಿಗೆ ತೂತೇ ಇಲ್ವಲ್ಲ?" ಅಂದರು. ಡ್ರಮ್ಮಿನ ಬಾಯಿಗೆ ಬಿಗಿಯುವುದು ಅಂದೆ. "ಬಾರಿಸ್ತೀರಾ?" ಅಂತ ಕೇಳಿದರು. "ಬಾರಿಸ್ತಿದ್ದೆ" ಅಂದೆ. ಅವರಿಗೆ ಸಮಾಧಾನವಾಯಿತು.

ಆಮೇಲೆ ನಿನ್ನ ಚೀಟಿ. ಏಳು ತಿಂಗಳ ಮೇಲೆ ಅಣ್ಣ ತಂಗಿಗೆ ಬರೆದದ್ದು ಮೂರು ವಾಕ್ಯ. ಮಾರ್ಚಿನಲ್ಲಿ ರೆಕಾರ್ಡಿಂಗ್. ಟಾಮಿಗೆ ಯಾವ ಹೆಡ್ ಹಾಕೋದು ಹೇಳು. ಡಾಕ್ಟರಿಗೆ ಇದೆಲ್ಲ ತಿಳಿಯಲ್ಲ.

ಡಾಕ್ಟರಿಗೆ ತಿಳಿಯದಿದ್ದರೆ ನನ್ನ ಸ್ಟೂಲಿನ ಮೇಲೆ ಹಲ್ಲಿನ ಡಾಕ್ಟರನ್ನು ತಂದು ಕೂರಿಸಿದವರು ಯಾರು? ಜೂನ್‌ನಲ್ಲಿ ಫೋನಿನಲ್ಲಿ ನಾನು ಹೇಳಿದ್ದು ಇಷ್ಟು: "ಹೊಟ್ಟೆ ಇಟ್ಕೊಂಡು ಡಬಲ್ ಬಾಸಿನ ಪೆಡಲ್ ತುಳಿಯೋಕಾಗಲ್ಲ, ಒಂದು ವರ್ಷ ನಿಲ್ಲಿಸೋಣ." ನೀನು ಹೇಳಿದ್ದು: "ಈಗ ಒಂದು ವರ್ಷ ಅಂತೀಯ, ಆಮೇಲೆ ಸ್ಕೂಲು ಅಂತೀಯ. ನಿನ್ನ ಕತೆ ಮುಗೀತು ಬಿಡು." ಹಾಗಾದರೆ ಬೇರೆ ಯಾರನ್ನಾದರೂ ಕೂರಿಸಿಕೋ ಅಂದದ್ದು ನಾನೇ, ಒಪ್ಪುತ್ತೇನೆ. ವಾರದೊಳಗೆ ಕೂರಿಸಿಕೊಳ್ಳುತ್ತೀಯ ಅಂದುಕೊಂಡಿರಲಿಲ್ಲ. ನಾವಿಬ್ಬರೂ ಕೂಡಿ ಕಟ್ಟಿದ ಎಂಟು ಹಾಡು ಅವು.

ಫೋನ್ ಮಾಡಬೇಡ. ಅದು ಗುಂಯ್ ಅಂದರೂ ಇವಳು ಏಳುತ್ತಾಳೆ, ಏಳದಿದ್ದರೆ ನಾವಿಬ್ಬರು ಜಗಳವಾಡಿ ಏಳಿಸುತ್ತೇವೆ. ಕಾಗದದ ಮೇಲಾದರೆ ಬರೆದದ್ದನ್ನು ಹೊಡೆದುಹಾಕಬಹುದು.

ಹೆಡ್ ನೋಡಿ ಹೇಳುತ್ತೇನೆ. ಅವಳು ಮಲಗುವುದು ಒಂದು ಸಲಕ್ಕೆ ನಲವತ್ತು ನಿಮಿಷ. ಅಷ್ಟರಲ್ಲಿ ಒಂದು ಹೆಡ್ ಹಾಕಿ, ಬಿಗಿದು, ಪೆನ್ಸಿಲ್ಲಿನ ರಬ್ಬರ್ ತುದಿಯಲ್ಲಿ ತಟ್ಟಿ ನೋಡಬಹುದು. ಡಾಕ್ಟರೇ ಬಾರಿಸುತ್ತಾರಲ್ಲ, ಒಳ್ಳೆಯದೇ ಆಯಿತು. ಇದರ ಮೇಲಿನ ಸಾಲಿನಲ್ಲಿ ಹೊಡೆದುಹಾಕಿರುವುದನ್ನು ಬೆಳಕಿಗೆ ಹಿಡಿದು ಓದಲು ಹೋಗಬೇಡ.

ತಂಗಿ

*

ಜನವರಿ 20

ಲೇ,

ಬೆಳಕಿಗೆ ಹಿಡಿದೆ. ಓದೋಕಾಗಲಿಲ್ಲ. ಎಷ್ಟು ಗಟ್ಟಿಯಾಗಿ ಗೀಚಿದ್ದೀಯ ಅಂದ್ರೆ ಹಾಳೆಯ ಹಿಂದುಗಡೆ ಬೆರಳಾಡಿಸಿದರೆ ಬಾಸುಂಡೆ ಸಿಗುತ್ತೆ.

ಪೆನ್ಸಿಲ್ ರಬ್ಬರಿನಲ್ಲಿ ಹೆವಿ ಮೆಟಲ್ ಟಾಮ್ ಪರೀಕ್ಷೆ ಮಾಡೋ ಡ್ರಮ್ಮರ್ ಭೂಮಿ ಮೇಲೆ ನೀನೊಬ್ಬಳೇ ಇರಬೇಕು.

ಸ್ಟುಡಿಯೋ ಈಗ ಹಳೇ ಚಪ್ಪಲಿ ಗೋಡೌನಿನಲ್ಲಿದೆ. ಕಪಾಟುಗಳ ಮೇಲೆ ಇನ್ನೂ ಅಳತೆ ನಂಬರು ಇವೆ. ನನ್ನ ಆಂಪ್ಲಿಫೈಯರು ಏಳನೇ ನಂಬರಿನಲ್ಲಿ ಕೂತಿದೆ. ಎಷ್ಟು ಗುಡಿಸಿದರೂ ರಬ್ಬರ್ ವಾಸನೆ ಹೋಗಲ್ಲ. ಆದರೆ ರೂಮು ದೊಡ್ಡದು, ಸೂರು ಎತ್ತರ, ಸದ್ದು ಉಸಿರಾಡುತ್ತೆ. ನಿನಗೆ ಇಷ್ಟ ಆಗೋದು.

ಡಾಕ್ಟರು ಒಳ್ಳೆ ಮನುಷ್ಯ. ಕಾಲು ಗಡಿಯಾರದ ಥರ. ಒಂದು ಕಣ್ಣು ಮುಚ್ಚಿ ಮುಂದಕ್ಕೆ ಬಗ್ಗಿ ಬಾರಿಸ್ತಾರೆ, ಸ್ನೇರ್ ಡ್ರಮ್ಮಿಗೆ "ಬಾಯಿ ಇನ್ನೂ ತೆಗೀರಿ" ಅಂತಾರೇನೋ ಅನ್ನಿಸುತ್ತೆ. ಟಾಮಿನ ಹತ್ತಿರ ಬಂದಾಗ ಮಾತ್ರ ಬೇರೆಯವರ ಮನೆ ಬಾಗಿಲು ತಟ್ಟಿದ ಹಾಗೆ ತಟ್ಟುತ್ತಾರೆ. ಬಲಕ್ಕೆ ಎರಡು ಗಿಟಾರ್, ಎಡಕ್ಕೆ ಎರಡು ಗಿಟಾರ್, ಆ ಗೋಡೆ ಒಡೆದುಕೊಂಡು ಟಾಮ್ ಈಚೆ ಬರಬೇಕು. ಅಂಥ ಹೆಡ್ ಹೇಳು.

ಅವಳ ತೂಕ ಎಷ್ಟು?

ಅಣ್ಣ

*

ಫೆಬ್ರವರಿ 3

ಅಣ್ಣಾ,

ಐದು ಕಿಲೋ ನಾನೂರು ಗ್ರಾಂ. ಹುಟ್ಟಿದಾಗ ಒಂದು ಕಿಲೋ ಏಳುನೂರು. ಎಂಟು ವಾರ ಮುಂಚೆ ಬಂದುಬಿಟ್ಟಳಲ್ಲ, ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಆಗ ಪಕ್ಕದಲ್ಲಿ ಒಂದು ಯಂತ್ರ ಅವಳ ಪ್ರತಿ ಉಸಿರಿಗೂ ಟಿಕ್ ಅನ್ನುತ್ತಿತ್ತು. ಮನೆಗೆ ಬರುವಾಗ ಯಂತ್ರವನ್ನು ಅಲ್ಲೇ ಇಟ್ಟುಕೊಂಡರು, ಕೆಲಸವನ್ನು ನನಗೆ ಕೊಟ್ಟರು. ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತೇನೆ. ಗಾಳಿ ತಾಗಿದರೂ ಇನ್ನೊಂದು ಸಲ ಇಟ್ಟು ನೋಡುತ್ತೇನೆ. ಡಾಕ್ಟರು (ಮಕ್ಕಳ ಡಾಕ್ಟರು, ನಿನ್ನ ಹಲ್ಲಿನವರಲ್ಲ) "ಮಗು ಚೆನ್ನಾಗಿದೆ, ನೀವು ನಿದ್ದೆ ಮಾಡಿ" ಅಂದರು. ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಅಂಗಡಿಗೆ ಹೋಗಿ ತರುತ್ತಿದ್ದೆ.

ಈಗ ಹೆಡ್ಡಿನ ವಿಷಯ.

ಮೊದಲು ಒಂದೇ ಪದರದ್ದನ್ನು ಹಾಕಿದೆ. ಅಂಗೈಯಿಂದ ಒತ್ತಿ ಕೂರಿಸಿ, ಆರು ಬೋಲ್ಟನ್ನೂ ಎದುರುಬದುರಾಗಿ ಕಾಲು ಕಾಲು ಸುತ್ತು ಬಿಗಿದೆ. ನಡುವೆ ಬೆರಳಿಟ್ಟುಕೊಂಡು ಒಂದೊಂದು ಬೋಲ್ಟಿನ ಪಕ್ಕ ತಟ್ಟಿ ಆರನ್ನೂ ಒಂದು ಸ್ವರಕ್ಕೆ ತಂದೆ. ಎಂಟು ತಿಂಗಳ ಮೇಲೆ ಕೈಗೆ ಬೋಲ್ಟ್ ತಿರುಗಿಸುವ ಕೀ ಸಿಕ್ಕಿತ್ತು, ಬೆರಳುಗಳು ಒಂದೂ ಮರೆತಿಲ್ಲ. ಆ ಹೆಡ್ ಮುಟ್ಟಿದರೆ ಸಾಕು ಹಾಡುತ್ತದೆ, ಹಾಡಿ ಹಾಡಿ ಕಿಟಕಿಯ ಗಾಜಿಗೂ ಕಲಿಸಿ ಬರುತ್ತದೆ. ಬಟಾಣಿ ಎರಡೂ ಕೈ ಮೇಲಕ್ಕೆಸೆದಳು. ತೆಗೆದುಬಿಟ್ಟೆ.

ಬಿಳಿ ಬಣ್ಣ ಬಳಿದಿರುವುದು ಎರಡನೆಯದು. ಮೆದು, ಬೆಚ್ಚಗಿದೆ, ಅಪ್ಪ ಪಕ್ಕದ ಕೋಣೆಯಲ್ಲಿ ಕೆಮ್ಮಿದ ಹಾಗೆ. ಆದರೆ ಕೋಲಿನ ತುದಿ ಬಿದ್ದದ್ದು ಕೇಳಿಸುವುದಿಲ್ಲ. ನಿನ್ನ ಗಿಟಾರಿನ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಗುತ್ತದೆ.

ಮೂರನೆಯದು ಗಾಜಿನಂತೆ ಕಾಣುವ ಎರಡು ಪದರದ್ದು. ಅದರ ಬಗ್ಗೆ ಹೇಳುವುದೇನಿಲ್ಲ. ಜೋರು.

ನಾಲ್ಕನೆಯದರಲ್ಲಿ ಎರಡು ಪದರದ ನಡುವೆ ಎಣ್ಣೆ ಇದೆಯಲ್ಲ, ಅದೇ ಸರಿ. 'ದಪ್' ಅನ್ನುತ್ತದೆ, ಮುಗಿಯಿತು. ಹಿಂದೆ ಗುಂಗು ಇಲ್ಲ, ಬಾಲ ಇಲ್ಲ. ಅಂಚಿಗೆ ಬಟ್ಟೆಯ ಉಂಗುರ ಇಟ್ಟರೆ ಇನ್ನೂ ಅಚ್ಚುಕಟ್ಟು. ಪೆನ್ಸಿಲ್ ಬಿಟ್ಟು ಕೋಲಿನಲ್ಲೇ ಹೊಡೆದು ನೋಡಿದೆ, ಮೂರು ಸಲ. ನಾಲ್ಕು ಟಾಮಿಗೂ ಇದನ್ನೇ ಹಾಕಿಸು. ಇವಳು ಹುಟ್ಟಿದ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಬಾರದ ಮೊದಲನೇ ವಿಷಯ ಇದು. ಇದನ್ನು ಬರೆಯುತ್ತಿರುವಾಗಲೂ ಎಷ್ಟು ಹಗುರಾಗುತ್ತಿದೆ ಗೊತ್ತಾ?

ಎದ್ದಳು.

ತಂಗಿ

*

ಫೆಬ್ರವರಿ 15

ಹಾಕಿಸಿದೆ. ನಾಲ್ಕಕ್ಕೂ, ನಿನ್ನ ಹತ್ತಿರ ಇರೋ ಹನ್ನೆರಡಿಂಚಿನದರ ಬದಲು ಡಾಕ್ಟರದ್ದನ್ನ ಇಟ್ಟುಕೊಂಡು. ಮಾರ್ಚಿಗೆ ಮುಂಚೆ ಪರೀಕ್ಷೆಗೆ ಅಂತ ಎರಡು ಹಾಡನ್ನ ಪೂರ್ತಿ ರೆಕಾರ್ಡೂ ಮಾಡಿದೆ.

ಟಾಮ್ ಒಂದನ್ನೇ ಕೇಳಿದರೆ ಚೆನ್ನಾಗಿದೆ. ಗಿಟಾರ್ ಸೇರಿಸಿದ ಕೂಡಲೇ ಸತ್ತುಹೋಗುತ್ತೆ. ಮೇಲಿನ ಕಪಾಟಿನಿಂದ ರಟ್ಟಿನ ಡಬ್ಬ ಬಿದ್ದ ಸದ್ದು. ಚಪ್ಪಲಿ ಗೋಡೌನಿನಲ್ಲಿ ಆ ಸದ್ದಿಗೇನು ಬರ? ನಾಲ್ಕು ದಿನ ಮೈಕುಗಳನ್ನ ಆ ಕಡೆ ಈ ಕಡೆ ಸರಿಸಿದೆ, ನಿನ್ನ ಮಾತು ಸುಳ್ಳಾಗಬಾರದು ಅಂತ. ಐದನೇ ದಿನ ಡಾಕ್ಟರು ಮೆಲ್ಲಗೆ ಕೇಳಿದರು: "ನಿಮ್ಮ ತಂಗಿಗೆ ಈ ಹಾಡುಗಳು ಇಷ್ಟ ಇಲ್ವಾ?"

ಒಂಟಿಯಾಗಿ ಕೇಳಿದಾಗ ಅತಿ ಅನ್ನಿಸೋ ಗುಂಗು, ಗಿಟಾರ್ ಬಂದ ಮೇಲೆ ಉಳಿಯೋದು ಕಾಲುಭಾಗ. ಅದಕ್ಕೇ ಗುಂಗನ್ನ ಮುಂಚೆಯೇ ಕೊಲ್ಲಬಾರದು. ಅಪ್ಪನ ಶೆಡ್ಡಿನಲ್ಲಿ ಇದನ್ನ ನನಗೆ ಹೇಳಿಕೊಟ್ಟೋಳು ನೀನು. ಆಗ ನಿನಗೆ ಹದಿನೇಳು. ಏನಾಯ್ತೇ ನಿನ್ನ ಕಿವಿಗೆ? ಹೆತ್ತ ಮೇಲೆ ಅದೂ ಮೆತ್ತಗಾಯ್ತಾ?

ಈ ಪತ್ರ ಹಾಕಬಾರದು ಅಂತ ಎರಡು ದಿನ ಜೇಬಿನಲ್ಲಿಟ್ಟುಕೊಂಡಿದ್ದೆ. ಹಾಕ್ತಿದ್ದೀನಿ.

ಅಣ್ಣ

*

ಮಾರ್ಚ್ 6

ಅಣ್ಣ,

ನಿನ್ನ ಪತ್ರವನ್ನು ಓದಿ ಮಡಚಿ ಡೈಪರ್ ಕಟ್ಟಿನ ಕೆಳಗೆ ಇಟ್ಟಿದ್ದೆ. ಆ ಕಟ್ಟು ಖಾಲಿಯಾಗಿ ಇನ್ನೊಂದು ತಂದರು. ಅದರ ಕೆಳಗೂ ಇಟ್ಟೆ.

ನನ್ನ ಕಿವಿಗೆ ಏನಾಗಿದೆ ಅಂತ ಕೇಳಿದೆಯಲ್ಲ, ಹೇಳುತ್ತೇನೆ. ಕೆಳಗಿನ ಮನೆಯ ಟೀಚರು ಪೆನ್ನಿಗೆ ಮುಚ್ಚಳ ಹಾಕಿದ್ದು ಕೇಳಿಸುತ್ತದೆ. ನಲ್ಲಿಯಲ್ಲಿ ನೀರು ಬರುವ ಮುಂಚೆ ಬರುವ ಗಾಳಿ ಕೇಳಿಸುತ್ತದೆ. ಇವರು ಬೀದಿಯ ತಿರುವಿನಲ್ಲೇ ಗಾಡಿ ಆಫ್ ಮಾಡಿ ತಳ್ಳಿಕೊಂಡು ಬರುತ್ತಾರೆ, ಪಾಪ, ಟಯರು ಮರಳಿನ ಮೇಲೆ ಉರುಳುವುದು ಕೇಳಿಸುತ್ತದೆ. ಸ್ನಾನಕ್ಕೆ ಹೋಗಿ ತಲೆಗೆ ನೀರು ಸುರಿದುಕೊಂಡರೆ ಆ ನೀರಿನೊಳಗಿಂದ ಅವಳ ಅಳು ಕೇಳಿಸುತ್ತದೆ. ಸೋಪಿನ ನೊರೆ ಸಮೇತ ಓಡಿ ಬಂದರೆ ಅವಳು ಮಲಗಿರುತ್ತಾಳೆ. ಇದು ಮೆತ್ತಗಾದ ಕಿವಿಯಾ?

ಆ ಗಾಜಿನಂಥ ಎರಡು ಪದರದ್ದರ ಬಗ್ಗೆ ಹೇಳುವುದೇನಿಲ್ಲ ಅಂತ ಬರೆದಿದ್ದೆ. ಸುಳ್ಳು. ಅದನ್ನು ಹಾಕಿ ಬೆರಳಲ್ಲಿ ತಟ್ಟಿದಾಗಲೇ ಗೊತ್ತಾಯಿತು. ತಡೆಯಲಾಗದೆ ಕೋಲು ತೆಗೆದುಕೊಂಡು ಒಂದು ಏಟು ಹಾಕಿದೆ, ಪೂರ್ತಿ ತೋಳಿಂದ. ಮೊದಲು ತುದಿಯ ಚುರುಕು, ಹಿಂದೆಯೇ ಹೊಟ್ಟೆ, ಆಮೇಲೆ ಆ ಸ್ವರ ಬಾಗಿ ಕೆಳಕ್ಕಿಳಿಯಿತಲ್ಲ, ನನ್ನ ಮುಂಗೈ ಕೂದಲೆಲ್ಲ ನೆಟ್ಟಗಾದವು. ಬಟಾಣಿ ಬೆಚ್ಚಿಬಿದ್ದು ಉಸಿರು ಕಟ್ಟಿದಳು. ಅಳುವ ಮುಂಚೆ ಎಲ್ಲ ಮಕ್ಕಳೂ ಕಟ್ಟುತ್ತವೆ, ಗೊತ್ತು. ಆದರೂ ಅಳು ಹೊರಗೆ ಬರುವಷ್ಟರಲ್ಲಿ ನಾನು ಆಸ್ಪತ್ರೆಯ ಆ ಮೂರು ವಾರ ಇನ್ನೊಂದು ಸಲ ಕಳೆದು ಬಂದೆ. ಕೆಳಗಿಂದ ಟೀಚರು "ಏನ್ರೀ ಬಿತ್ತು?" ಅಂತ ಕೂಗಿದರು. ಏನೂ ಇಲ್ಲ ಅಂದೆ. ನಿನಗೂ ಅದನ್ನೇ ಬರೆದೆ.

ಅವಳು ಮತ್ತೆ ಮಲಗಿದ ಮೇಲೆ ನಾಲ್ಕನೆಯದನ್ನು ಹಾಕಿದೆ. ಹೊಡೆದೆ. ಅವಳು ಏಳಲಿಲ್ಲ. ಇನ್ನೆರಡು ಸಲ ಹೊಡೆದೆ, ಆಗಲೂ ಏಳಲಿಲ್ಲ. ನಾನು ಹೆಡ್ ಆರಿಸಿದ್ದು ಹೀಗೆ, ಅಣ್ಣಾ. ನಿನ್ನ ಮೆಟಲ್ ಹಾಡಿಗೆ ಜೋಗುಳದ ಹೆಡ್ ಕಳಿಸಿದೆ. ಅದೂ ಎಳ್ಳಷ್ಟು ಅನುಮಾನವಿಲ್ಲದೆ.

ಎರಡು ಪದರದ್ದನ್ನೇ ಹಾಕಿಸು. ಕೆಳಮುಖಕ್ಕೆ ಒಂದು ಪದರದ ತೆಳುವಾದದ್ದು, ಮೇಲಿನದಕ್ಕಿಂತ ಚೂರು ಬಿಗಿಯಾಗಿ. ಉಂಗುರ ಗಿಂಗುರ ಏನೂ ಬೇಡ.

ಇನ್ನೊಂದು ಮಾತು. ಹಾಲು ಕುಡಿಸುತ್ತಾ ಕೂತರೆ ನನ್ನ ಬಲಗಾಲು ತನ್ನಷ್ಟಕ್ಕೆ ನಾಲ್ಕನೇ ಹಾಡು ತುಳಿಯಲು ಶುರು ಮಾಡುತ್ತದೆ. ಅವಳಿಗೆ ಬಾಯಿ ತಪ್ಪಿ ಸಿಟ್ಟು ಬರುತ್ತದೆ. ಅದಕ್ಕೇ ಚಕ್ಕಂಬಕ್ಕಲ ಹಾಕಿ ಕೂತು ಒಂದು ಕಾಲಿಂದ ಇನ್ನೊಂದನ್ನು ಅದುಮಿಕೊಳ್ಳುತ್ತೇನೆ. ಜನವರಿಯಲ್ಲಿ ಹೊಡೆದುಹಾಕಿದ್ದು ಇದೇ: ಆ ಹಾಡುಗಳನ್ನು ನಾನು ಬಾರಿಸಬೇಕು. ಆಗುವುದಿಲ್ಲ ಅಂತಲೂ ಗೊತ್ತು. ಅವಳ ಅಳು ಕೇಳಿಸದ ಕೋಣೆಯಲ್ಲಿ ನಾನು ಕೂರಲಾರೆ. ಅಳು ಕೇಳಿಸುವ ಕೋಣೆಯಲ್ಲಿ ಟಾಮ್ ಬಾರಿಸಲಾರೆ.

ಟಾಮನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ಇನ್ನು ನನ್ನನ್ನು ಏನೂ ಕೇಳಬೇಡ.

ತಂಗಿ

*

ಮಾರ್ಚ್ 31

ಲೇ,

ಟಾಮ್ ಬಂತು. ಕಂಬಳಿ ತುಂಬ ಹಾಲಿನ ವಾಸನೆ. ಡಾಕ್ಟರು ಮೂಸಿ ನೋಡಿ "ಏಳು ತಿಂಗಳಾ? ಕೆಳಗಿನ ಎರಡು ಹಲ್ಲು ಬರೋ ಹೊತ್ತು" ಅಂದರು. ಬಂತಾ?

ತಪ್ಪಾಯ್ತು. ಕಿವಿ ಬಗ್ಗೆ ಬರೆದಿದ್ದಕ್ಕೂ, ಜೂನ್‌ನಲ್ಲಿ ಅಂದಿದ್ದಕ್ಕೂ.

ಎರಡು ಪದರದ್ದು ಅಂತ ನನಗೆ ಮೊದಲೇ ಗೊತ್ತಿತ್ತು. ಮೆಟಲ್ ಟಾಮಿಗೆ ಅದು ಅಂತ ಅಂಗಡಿಯವನೇ ಹೇಳ್ತಾನೆ. ಮಗು ಹೇಗಿದೆ ಅಂತ ಕೇಳೋಕೆ ನನಗೆ ಮುಖ ಇರಲಿಲ್ಲ, ಹೆಡ್ ಯಾವುದು ಅಂತ ಕೇಳೋಕೆ ಇತ್ತು. ಆಮೇಲೆ ನೀನು ಎಣ್ಣೆದು ಅಂದಾಗ, ಇರಬಹುದೇನೋ, ಇವಳು ಹೇಳಿದ ಮೇಲೆ ಅನ್ನಿಸ್ತು. ಅದಕ್ಕೇ ನಾಲ್ಕು ದಿನ ಮೈಕ್ ಸರಿಸಿದ್ದು. ವಾರದೊಳಗೆ ಡಾಕ್ಟರನ್ನ ಕೂರಿಸಿದ್ದು ಯಾಕೆ ಅಂದ್ರೆ, ಆ ಸ್ಟೂಲು ಖಾಲಿ ಇದ್ದರೆ ನನಗೆ ಆ ರೂಮಿನೊಳಗೆ ಹೋಗೋಕಾಗ್ತಿರಲಿಲ್ಲ. ಅಷ್ಟೇ. ಇದನ್ನ ಜೋರಾಗಿ ಓದಬೇಡ.

ರೆಕಾರ್ಡಿಂಗ್ ಆಯ್ತು. ಆ ಎರಡು ಹಾಡನ್ನೂ ಮತ್ತೆ ಮಾಡಿದ್ವಿ. ಡಾಕ್ಟರು ಕಾಲು, ಸ್ನೇರ್, ಸಿಂಬಲ್ ಎಲ್ಲಾ ಬಾರಿಸಿದ್ದಾರೆ. ಟಾಮ್ ಬರೋ ಕಡೆ ಮಾತ್ರ ಕೈ ಎತ್ತಿಕೊಂಡು ಸುಮ್ಮನೆ ಕೂತಿದ್ದಾರೆ. ಅವರದೇ ಯೋಚನೆ. "ನಾನು ಜಾಗ ಬಿಟ್ಟಿದ್ದೀನಿ, ಅವರು ಬಂದು ಕಟ್ಟಿಸ್ಕೊಳ್ಳಲಿ" ಅಂದರು. ಎಂಟು ಹಾಡಿನಲ್ಲಿ ನಲವತ್ತೊಂದು ಕಡೆ ಖಾಲಿ. ಪೆನ್ ಡ್ರೈವಿನಲ್ಲಿ ಹಾಕಿ ಇದರ ಜೊತೆ ಇಟ್ಟಿದ್ದೀನಿ.

ಒಂದು ಮಧ್ಯಾಹ್ನದ ಕೆಲಸ. ಮೇ ಕೊನೆಗೆ ಈ ಗೋಡೌನ್ ಬಿಡಬೇಕು. ಅಲ್ಲಿವರೆಗೆ ಟಾಮಿನ ಮೈಕುಗಳು ಇಟ್ಟಲ್ಲೇ ಇರುತ್ತವೆ. ಅವಳನ್ನೂ ಕರ್ಕೊಂಡು ಬಾ. ಬಾರಿಸೋ ರೂಮಿಗೂ ಆಫೀಸು ರೂಮಿಗೂ ನಡುವೆ ಎರಡು ದಪ್ಪ ಬಾಗಿಲು ಇವೆ, ಅವಳಿಗೆ ಏನೂ ಕೇಳಿಸಲ್ಲ. ಬರೋಕಾಗದಿದ್ರೆ ಆ ಜಾಗಗಳು ಖಾಲಿಯೇ ಇರಲಿ. ಡಾಕ್ಟರ ಕೈಲಿ ತುಂಬಿಸಲ್ಲ, ಯಾರ ಕೈಲೂ ತುಂಬಿಸಲ್ಲ.

ಅವಳ ಹೆಸರೇನು?

ಅಣ್ಣ

*

ಏಪ್ರಿಲ್ 9

ಅಣ್ಣಾ,

ಹೆಸರನ್ನು ಬಂದಾಗ ಕಿವಿಯಲ್ಲಿ ಹೇಳುತ್ತೇನೆ. ಹಲ್ಲು ಒಂದು ಬಂದಿದೆ. ಡಾಕ್ಟರಿಗೆ ಅರ್ಧ ಮಾರ್ಕು ಕೊಡು.

ಹಾಡುಗಳನ್ನು ಕೇಳಿದೆ. ಬಲಗಿವಿ ನಿನಗೆ, ಎಡಗಿವಿ ಅವಳಿಗೆ. ಮಧ್ಯಾಹ್ನ, ಅವಳು ನನ್ನ ಎದೆಯ ಮೇಲೆ ಮಲಗಿದ್ದಳು. ಗಿಟಾರು ಬರುತ್ತದೆ, ಕಾಲು ಬರುತ್ತದೆ, ಹಾಡು ತಿರುಗುವ ಕಡೆ ಬಂದು ನಿನ್ನ ಗಿಟಾರ್ ನನಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ, ನಾನು ಇರುವುದಿಲ್ಲ. ಮುಂದೆ ಇನ್ನೊಂದು ತಿರುವು, ಅಲ್ಲೂ ಇಲ್ಲ. ಎಂಟು ಹಾಡು ಮುಗಿಯುವಷ್ಟರಲ್ಲಿ ನನ್ನ ಕೈ ನಲವತ್ತೊಂದು ಸಲ ಅವಳ ಬೆನ್ನಿನಿಂದ ಏಳಲು ಹೊರಟಿತ್ತು. ಒಂದು ಸಲವೂ ಎತ್ತಲಿಲ್ಲ. ಭುಜ ನೋಯುತ್ತಿದೆ, ಬಾರಿಸದೇನೇ.

ಇವರಿಗೆ ನಿನ್ನ ಪತ್ರ ಓದಿ ಹೇಳಿದೆ, ಮೆಲ್ಲಗೆ. "ಹೋಗಿ ಬಾ" ಅಂದರು.

"ಅವಳು ಅತ್ತರೆ?"

"ಎತ್ಕೋತಾರೆ."

"ಎತ್ತಿಕೊಂಡರೂ ಅತ್ತರೆ?"

"ಇನ್ನೊಂದು ಹೆಗಲಿಗೆ ಹಾಕ್ಕೋತಾರೆ. ಎಲ್ಲರಿಗೂ ಎರಡಿರುತ್ತೆ."

ಲಿಫ್ಟ್ ರಿಪೇರಿ ಮಾಡುವ ಇವರಿಗೆ ಎಲ್ಲವೂ ಮೇಲೆ ಹೋಗಿ ಕೆಳಗೆ ಬರುವ ವಿಷಯ. ನಾನು ಬರುವ ವಾರ ಇವರಿಗೆ ರಜೆ ಇಲ್ಲ. ಇಪ್ಪತ್ನಾಲ್ಕಕ್ಕೆ ಬೆಳಗಿನ ರೈಲಿಗೆ ನಾನೇ ಅವಳನ್ನು ಕರೆದುಕೊಂಡು ಬರುತ್ತೇನೆ. ನಾಲ್ಕು ಗಂಟೆ ದಾರಿ. ಬರುವುದಿಲ್ಲ ಅಂತ ಹಿಂದಿನ ದಿನ ಫೋನ್ ಮಾಡಿದರೆ ಬೈಯಬೇಡ. ಬಂದರೆ ಅಳಬೇಡ.

ತಂಗಿ

*

ಏಪ್ರಿಲ್ 27

ಅಣ್ಣಾ,

ನಿನ್ನ ಕಣ್ಣೆದುರೇ ಆದದ್ದನ್ನು ನಿನಗೆ ಬರೆಯುವುದಿಲ್ಲ. ನೀನು ಸ್ಟೇಷನ್ನಿನಲ್ಲಿ ಅವಳನ್ನು ಆಂಪ್ಲಿಫೈಯರ್ ಹೊತ್ತ ಹಾಗೆ ತಳಕ್ಕೆ ಕೈ ಕೊಟ್ಟು ಹೊತ್ತುಕೊಂಡದ್ದು, ಅವಳು ನಿನ್ನ ಗಡ್ಡ ಹಿಡಿದು ಬಿಡದೇ ಹೋದದ್ದು. ಹೆಸರು ಕೇಳಿ ನೀನು ಆ ಕಡೆ ತಿರುಗಿ ರೈಲಿನ ಬೋರ್ಡ್ ಓದುತ್ತಾ ನಿಂತದ್ದನ್ನೂ ಬಿಟ್ಟಿದ್ದೇನೆ.

ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಎರಡನೇ ಬಾಗಿಲು ಮುಚ್ಚಿದ ಮೇಲೆ ಆ ಕೋಣೆಯಲ್ಲಿ ನಿಶ್ಶಬ್ದವಾಯಿತಲ್ಲ, ಅಂಥ ನಿಶ್ಶಬ್ದದಲ್ಲಿ ನಾನು ಎಂಟು ತಿಂಗಳಿಂದ ಇರಲಿಲ್ಲ. ಕೋಲು ಎತ್ತಿದೆ. ಮೊದಲನೇ ಜಾಗ ಬಂತು, ಹೊಡೆದೆ. ಆಮೇಲೆ ಗೊತ್ತಿಲ್ಲ. ಹತ್ತನೆಯದೋ ಹನ್ನೊಂದನೆಯದೋ ಬರುವಷ್ಟರಲ್ಲಿ ಅವಳ ನೆನಪಿರಲಿಲ್ಲ. ಇದನ್ನು ಬರೆಯಲು ಮೂರು ದಿನ ಹಿಡಿಯಿತು. ಎರಡೂವರೆ ಗಂಟೆ ನನಗೆ ಮಗು ಇದೆ ಅನ್ನುವುದೇ ನೆನಪಿರಲಿಲ್ಲ, ಮತ್ತೆ ನಾನು ಸುಖವಾಗಿದ್ದೆ. ಕೊನೆಯ ಹಾಡಿನ ಕೊನೆಯ ಜಾಗಕ್ಕೆ ಬಂದಾಗ ನೆನಪಾಯಿತು. ನೆನಪಾದ ಕೂಡಲೇ ಅಳು ಕೇಳಿಸಿತು.

ಓಡಿ ಬಂದು ಅವಳನ್ನು ಎತ್ತಿಕೊಂಡು ಹೊರಟೆ, ನೀನು "ಏನಾಯ್ತೇ?" ಅನ್ನುತ್ತಾ ಹಿಂದೆ ಬಂದೆ. ರೈಲಿಗೆ ಹೊತ್ತಾಯಿತು ಅಂದೆ. ರೈಲಿಗೆ ಎರಡು ಗಂಟೆ ಇತ್ತು. ಎರಡು ಗಂಟೆಯೂ ಸ್ಟೇಷನ್ನಿನ ಬೆಂಚಿನ ಮೇಲೆ ಅವಳನ್ನು ಅವುಚಿಕೊಂಡು ಕೂತಿದ್ದೆ.

ಡಾಕ್ಟರು "ಒಂದು ಸಲವೂ ಅಳಲಿಲ್ಲಮ್ಮ, ನನ್ನ ಹೆಗಲ ಮೇಲೆ ಮಲಗಿದ್ದಳು" ಅಂದರು. ಒಳ್ಳೆಯವರು. ಆದರೆ ಹಲ್ಲು ಕೀಳುವ ಮುಂಚೆ ನೋವಾಗಲ್ಲ ಅಂತ ಹೇಳುವವರೂ ಅವರೇ ತಾನೇ? ನನಗೆ ಕೇಳಿಸಿತು, ಅಣ್ಣಾ. ಸ್ಪಷ್ಟವಾಗಿ. ಆಗ ಮೈಕುಗಳು ಆನ್ ಇದ್ದವು. ಅವಕ್ಕೆ ನನ್ನ ಮೇಲೆ ಕನಿಕರ ಇಲ್ಲ, ಸುಳ್ಳು ಹೇಳುವುದಿಲ್ಲ. ಕೇಳಿ ನೋಡು. ಏನಿದ್ದರೂ ಇದ್ದ ಹಾಗೆ ಬರಿ.

ತಂಗಿ

*

ಮೇ 4

ಲೇ,

ಎಲ್ಲರನ್ನೂ ಹೊರಗೆ ಕಳಿಸಿ ಒಬ್ಬನೇ ಕೂತು ಕೇಳಿದೆ. ಟಾಮಿನ ನಾಲ್ಕು ಮೈಕು, ಮೇಲಿನ ಎರಡು, ದೂರದ ಗೋಡೆ ಹತ್ತಿರ ಇಟ್ಟಿದ್ದು ಎರಡು. ಒಂದೊಂದನ್ನೂ ಬೇರೆ ಮಾಡಿ, ಸದ್ದು ಪೂರ್ತಿ ಏರಿಸಿ. ದೂರದ ಮೈಕಿನಲ್ಲಿ ಬೀದಿಯ ನಾಯಿ ಬೊಗಳಿದ್ದೂ ಇದೆ.

ಅಳು ಇಲ್ಲ.

ಆಫೀಸು ರೂಮಿನಿಂದ ನಿನ್ನ ಜೊತೆ ಮಾತಾಡೋಕೆ ಇಟ್ಟಿದ್ದ ಮೈಕೂ ಪೂರ್ತಿ ಹೊತ್ತು ರೆಕಾರ್ಡ್ ಆಗಿದೆ, ನಾನು ಆಫ್ ಮಾಡೋದು ಮರೆತಿದ್ದೆ. ಡಾಕ್ಟರು ಅದರ ಪಕ್ಕದಲ್ಲೇ ಕೂತಿದ್ದರು. ಅದರಲ್ಲಿ ಅವರು ಅವಳಿಗೆ ಹಲ್ಲುಜ್ಜೋ ಬಗ್ಗೆ ಪಾಠ ಮಾಡೋದಿದೆ, ಬ್ರಷ್ ಹೇಗೆ ಹಿಡಿಬೇಕು ಅಂತ. ಆಮೇಲೆ ಅವರೂ ಸುಮ್ಮನಾಗ್ತಾರೆ. ಆಮೇಲೆ ಅವಳ ಉಸಿರು. ಒಂದೇ ಸಮನೆ, ಮೂಗಿನಲ್ಲಿ ಸಣ್ಣ ಗೊರಕೆ. ನೀನು ಬಾಗಿಲು ತಳ್ಳಿಕೊಂಡು ಬರೋವರೆಗೂ ಅದೇ. ಇದ್ದದ್ದು ಇದ್ದ ಹಾಗೆ ಬರೆದಿದ್ದೀನಿ.

ನಲವತ್ತೊಂದನೇ ಜಾಗದಲ್ಲಿ ಇರೋದು ಇಷ್ಟು. ಎರಡು ಏಟು. ಕೋಲು ನೆಲಕ್ಕೆ ಬಿದ್ದಿದ್ದು. ಸ್ಟೂಲು ಸರಿದಿದ್ದು. ನಿನ್ನ ಕಾಲು ಓಡಿದ್ದು, ಒಂದು ಬಾಗಿಲು, ಇನ್ನೊಂದು ಬಾಗಿಲು. ಗಿಟಾರ್ ಜೊತೆ ಸೇರಿಸಿ ಕೇಳಿದೆ. ಡಾಕ್ಟರಿಗೂ ಕೇಳಿಸಿದೆ, ಕನ್ನಡಕ ತೆಗೆದು ಒರೆಸಿಕೊಂಡರು.

ಹಾಗೇ ಬಿಟ್ಟುಬಿಡಲಾ? ಕೊನೇ ಹಾಡು ಅದರ ಮೇಲೆ ಮುಗೀಲಿ. ಇಂಥದ್ದನ್ನ ಯಾರೂ ಮಾಡಿಲ್ಲ. ನಿನಗೂ ಮತ್ತೆ ಬರೋ ಕಷ್ಟ ತಪ್ಪುತ್ತೆ.

ಅಣ್ಣ

*

ಮೇ 9

ಅಣ್ಣಾ,

ಬೇಡ.

ಅಲ್ಲಿ ಏನು ಬರಬೇಕು ಅಂತ ನಿನಗೂ ಗೊತ್ತು. ಹನ್ನೆರಡಿಂಚಿನಿಂದ ಹೊರಟು, ನೆಲದ ಮೇಲೆ ನಿಲ್ಲುವ ದೊಡ್ಡ ಫ್ಲೋರ್ ಟಾಮಿನವರೆಗೆ ಉರುಳಿ ಇಳಿದು, ಅಲ್ಲೇ ನಿಲ್ಲಬೇಕು. ಅದಕ್ಕೆ ನಾವು ಒಂದು ಬೇಸಿಗೆ ಪೂರ್ತಿ ಕಿತ್ತಾಡಿದ್ದೇವೆ. ನಾನು ಎದ್ದು ಓಡಿದ್ದು ಅದಕ್ಕಿಂತ ಚೆನ್ನಾಗಿದೆ ಅಂತ ನೀನು ಹೇಳಿದರೆ, ನಿನ್ನ ಕಿವಿಗೆ ಏನಾಯಿತು ಅಂತ ನಾನು ಕೇಳಬೇಕಾಗುತ್ತದೆ. ನಾಳೆ ಇವಳು ದೊಡ್ಡವಳಾಗಿ ಕೇಳಿ "ಇದೇನಮ್ಮಾ ಸದ್ದು?" ಅಂದರೆ ಏನು ಹೇಳಲಿ? ನೀನು ಅಳದೇ ಇದ್ದಾಗ ನಾನು ಓಡಿ ಬಂದ ಸದ್ದು ಅಂತಲಾ?

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಇವರಿಗೆ ಕೊಟ್ಟು ಜೋರಾಗಿ ಓದಿಸಿದೆ. 'ಅಳು ಇಲ್ಲ' ಅನ್ನುವಲ್ಲಿ ನಿಲ್ಲಿಸಿ ಇನ್ನೊಂದು ಸಲ ಓದಿಸಿದೆ. ಆಮೇಲೆ ಸ್ನಾನಕ್ಕೆ ಹೋದೆ. ತಲೆಗೆ ನೀರು ಹಾಕಿಕೊಂಡೆ, ಅಳು ಕೇಳಿಸಿತು. ಬಕೆಟ್ಟಿನ ಅಂಚು ಹಿಡಿದುಕೊಂಡು ನಿಂತೆ. ಕೇಳಿಸುತ್ತಲೇ ಇತ್ತು. ಕೇಳಿಸಿದರೆ ಕೇಳಿಸಲಿ ಅಂತ ತಲೆಗೆ ಶಾಂಪೂ ಹಾಕಿದೆ, ತೊಳೆದೆ, ಒರೆಸಿಕೊಂಡೆ, ಬಟ್ಟೆಯ ಗುಂಡಿಯನ್ನು ಮೇಲಿನದರಿಂದ ಕೆಳಗಿನದರವರೆಗೆ ಹಾಕಿಕೊಂಡೆ. ಓಡಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ, ಬಚ್ಚಲ ಬಾಗಿಲಿನಿಂದ ತೊಟ್ಟಿಲವರೆಗೆ ಓಡಿದೆ. ಅವಳು ಎಚ್ಚರವಾಗಿ ಕಾಲ ಹೆಬ್ಬೆರಳನ್ನು ನೋಡುತ್ತಾ ಮಲಗಿದ್ದಳು. ನನ್ನನ್ನು ನೋಡಿ, ಇಷ್ಟು ಬೇಗ ಯಾಕೆ ಬಂದೆ ಅನ್ನುವ ಹಾಗೆ ಮುಖ ಮಾಡಿದಳು.

ಇಪ್ಪತ್ತೆರಡಕ್ಕೆ ಬರುತ್ತೇನೆ. ಅವಳನ್ನು ಕರೆದುಕೊಂಡು ಬರುವುದಿಲ್ಲ. ಇವರು ಎರಡು ದಿನ ರಜೆ ಹಾಕಿದ್ದಾರೆ, ಎರಡೂ ಹೆಗಲು ತಯಾರು ಅನ್ನುತ್ತಿದ್ದಾರೆ. ಸಹಾಯಕ್ಕೆ ಕೆಳಗಿನ ಟೀಚರು ಇದ್ದಾರೆ. "ಅಷ್ಟು ದೂರ ಹೋಗಿ ಎಷ್ಟು ಹೊತ್ತು ಬಾರಿಸ್ತೀರಿ?" ಅಂತ ಕೇಳಿದರು. "ನಾಲ್ಕು ಸೆಕೆಂಡು" ಅಂದೆ. ಅವರು ತಮ್ಮ ಕೈಗಡಿಯಾರ ನೋಡಿಕೊಂಡರು.

ನಾಲ್ಕು ಸೆಕೆಂಡಲ್ಲ, ನಿಜ ಹೇಳಬೇಕೆಂದರೆ. ನಲವತ್ತು ಜಾಗ ಬಾರಿಸಿದ ಮೇಲೆ ಆ ಹೆಡ್ಡುಗಳು ದಣಿದಿರುತ್ತವೆ. ಹೊಸದು ಹಾಕಿದರೆ ಅದೇ ಹಾಡಿನ ಹಳೆಯ ಏಟುಗಳ ಜೊತೆ ಸದ್ದು ಕೂಡುವುದಿಲ್ಲ. ಆದ್ದರಿಂದ ಕೊನೆಯ ಹಾಡಿನ ಆರು ಜಾಗವನ್ನೂ ಮೊದಲಿಂದ ಬಾರಿಸುತ್ತೇನೆ. ಹೆಡ್ ತರಿಸಿ ಇಡು, ಪೊಟ್ಟಣ ಒಡೆಯಬೇಡ. ನಾನೇ ಬಿಗಿದುಕೊಳ್ಳಬೇಕು. ಡಾಕ್ಟರಿಗೆ ಬರಲು ಹೇಳು, ಈ ಸಲ ಅವರ ಹೆಗಲು ಖಾಲಿ ಇರುತ್ತದೆ, ಕೂತು ಕೇಳಲಿ.

ಬಂದ ಕೂಡಲೇ ನನ್ನ ಫೋನ್ ನಿನ್ನ ಕೈಗೆ ಕೊಡುತ್ತೇನೆ. ಆ ಕೋಣೆಗೆ ಹೋಗಿ ಎರಡೂ ಬಾಗಿಲು ಹಾಕಿಕೊಂಡ ಮೇಲೆ ಬಾರಿಸಿ ಮುಗಿಸುವವರೆಗೆ ವಾಪಸ್ ಕೊಡಬೇಡ. ನಡುವೆ ನಿಲ್ಲಿಸಿ ಕೇಳಿದರೂ ಕೊಡಬೇಡ. ಅಳು ಕೇಳಿಸ್ತು ಅಂದರೂ ಕೊಡಬೇಡ.

ತಂಗಿ